ಸೀಟಿಧರ ಚನ್ನವೀರನ ಗಿರಿಪ್ರದಕ್ಷಿಣೆ

ಕೇಳಿರಿ, ತಿರುಗುವ ಫ್ಯಾನಿನ ಕೆಳಗೆ ಸುಖಾಸೀನರಾದ ಮಹಾಜನಗಳಿರಾ! ಮನುಜರು ಶೀತಲಪವನವನ್ನು ಪೆಟ್ಟಿಗೆಯಲ್ಲಿ ತುಂಬಿ ಗೋಡೆಗೆ ನೇತುಹಾಕಿಕೊಂಡು ಬಾಳುವ ಈ ಕಲಿಯುಗದಲ್ಲಿ, ಮಸ್ಕತ್ ನಗರದ ಬೆನ್ನಿಗಿರುವ ನಿಸ್ತೃಣ, ನಿರ್ಜಲ, ನಿಷ್ಕರುಣ ಶಿಲಾಪರ್ವತವನ್ನು ಜೂನ್ ಮಾಸದ ಪ್ರಚಂಡಮಾರ್ತಾಂಡನ ಕಣ್ಣೆದುರೇ ಸುತ್ತಿಬರಲು ಹೊರಟ ಗದಗ ಸೀಮೆಯ ಚನ್ನವೀರನ ಕಥೆಯನ್ನು ಹೇಳುತ್ತೇನೆ. ಜೂನಿನಲ್ಲಿ ಆ ಬೆಟ್ಟಕ್ಕೆ ಆಡು ಕೂಡ ನೆರಳು ನೋಡಿಕೊಂಡು ಹೋಗುತ್ತದೆ. ಅದನ್ನೆಲ್ಲ ನಮ್ಮ ವೀರನಿಗೆ ಹೇಳುವವರು ಯಾರು!

ಅವನ ಕಂಬುಕಂಠದಲ್ಲಿ ಒಂದು ಸ್ಟೀಲಿನ ಸೀಟಿ ಜೋಲಾಡುತ್ತಿತ್ತು. ಚಳಿಗಾಲದ ಶುಕ್ರವಾರಗಳಲ್ಲಿ ಗುಡ್ಡ ಅಲೆಯುವ ಮೂವರು ಗೆಳೆಯರಲ್ಲಿ ಸೀಟಿ ಯಾರ ಕೊರಳಲ್ಲಿದೆಯೋ ಅವನು ನಡೆದದ್ದೇ ದಾರಿ. ಆದರೆ ಕಳೆದ ಚಳಿಗಾಲದಲ್ಲಿ ಈ ಮಹಾನಾಯಕ ಶಿಖರ ತೋರಿಸುತ್ತೇನೆಂದು ಕರೆದೊಯ್ದು, ಎಲ್ಲರನ್ನೂ ಒಂದು ಕೋಳಿಫಾರಮ್ಮಿನ ಹಿತ್ತಲಲ್ಲಿ ನಿಲ್ಲಿಸಿದ್ದ. ಅಂದೇ ಮೆಹಬೂಬ ನದಾಫ, ಅವರ ಕಾರಿನ ಒಡೆಯ, ಶಕಟಚಾಲನಧುರಂಧರ, ಗುಡುಗಿದ್ದ: "ಇನ್ನೊಮ್ಮಿ ತಪ್ಪಿದ್ರ ಸೀಟಿ ನನಗ ಕೊಡಬೇಕ ನೋಡಪಾ."

ಆ ಮಾತು ನಾಟಿತು. ವಾರವೆಲ್ಲ ಆಫೀಸಿನಲ್ಲಿ ಹತ್ತು ಜನರ ಮಾತಿಗೆ ತಲೆಯಾಡಿಸುವ ಚನ್ನವೀರನಿಗೆ ತನ್ನದೆಂದು ಇದ್ದದ್ದು ಅದೊಂದು ಸೀಟಿ. ಆ ಕಳಂಕ ಹೊತ್ತು ಡಿಸೆಂಬರ್‌ವರೆಗೆ ಬದುಕುವುದುಂಟೆ? ಆದ್ದರಿಂದಲೇ ಈ ಅಕಾಲದಂಡಯಾತ್ರೆ.

ಸೂರ್ಯೋದಯಕ್ಕೆ ಮೂವರೂ ಬೆಟ್ಟದ ಉತ್ತರಪಾದದಲ್ಲಿ ಕಾರಿಳಿದರು. ಮೂರನೆಯವಳು ಲಕ್ಷ್ಮೇಶ್ವರದ ಕಸ್ತೂರಿ, ಆಸ್ಪತ್ರೆಯ ನರ್ಸು, ಸೂಚೀಪ್ರಹಾರಪ್ರವೀಣೆ. ದಾರಿ ಅಲ್ಲಿ ಎರಡಾಗಿ ಬೆಟ್ಟವನ್ನು ತಬ್ಬಿಕೊಂಡಿತ್ತು.

"ಬಲಗಡಿ ಪಶ್ಚಿಮ, ನೆಳ್ಳ ಐತಿ. ಎಡಗಡಿ ಈಗ ಬಿಸಲ ಬಡ್ಯಾಕತ್ತೈತಿ," ಎಂದ ಮೆಹಬೂಬ. "ಬಲಕ್ಕ ಹೋಗೂಣು."

"ಬಲಕ್ಕ ಹೋದ್ರ ಗುಡ್ಡ ಎಡಕ್ಕ ಬರ್ತೈತಿ. ಅಪ್ರದಕ್ಷಿಣಿ ಆಗ್ತೈತಿ! ಸುತ್ತೂದಂದ್ರ ಬಲಕ್ಕ ಇಟಗೊಂಡ ಸುತ್ತಬೇಕು," ಎಂದ ಚನ್ನವೀರ.

"ಗುಡಿ ನಿಂದು, ಬಿಸಲ ನನಗ್ಯಾಕೋ ಮಾರಾಯಾ?"

ಆಗ ಚನ್ನವೀರನು ಎದೆಯುಬ್ಬಿಸಿ, "ಎಲವೋ ಛಾಯಾಲೋಲುಪನಾದ ಸಾರಥಿಯೇ! ರವಿಕಿರಣಶರವರ್ಷಕ್ಕೆ ಬೆನ್ನು ಕೊಡುವ ಕುಲವಲ್ಲ ನಮ್ಮದು! ಈ ಗಿರಿಯನ್ನು ಪೂರ್ತಿ ಸುತ್ತದೆ ಹಿಂದಿರುಗಿದೆನಾದರೆ ಈ ಸೀಟಿ ನನ್ನದಲ್ಲ!" ಎಂದು ಗರ್ಜಿಸಿದನು ಎಂದು ಬರೆಯುವುದು ಕವಿಧರ್ಮ. ಅವನು ನಿಜಕ್ಕೂ ಅಂದದ್ದು ಇಷ್ಟೇ: "ಬಾಯಿ ಮುಚಗೊಂಡ ನಡಿ. ಪೂರ್ತಿ ಸುತ್ತಲಿಲ್ಲಾ, ಸೀಟಿ ನಿಂದ."

ಅಯ್ಯೋ, ಆ ಸಂಗ್ರಾಮವನ್ನು ಏನೆಂದು ಬಣ್ಣಿಸಲಿ! ಸಹಸ್ರಕರನು ತನ್ನ ಸಹಸ್ರ ಕರಗಳಿಂದಲೂ ಬಾರಿಸಿದನು. ಬಂಡೆಗಳು ಕಾದ ಹಂಚಿನಂತೆ ಸುಟ್ಟವು. ಮೆಹಬೂಬನ ಬೂಟಿನ ಅಟ್ಟೆ ಬಾಯ್ದೆರೆಯಿತು. ಮಧ್ಯಾಹ್ನ ಕಳೆದು ದಕ್ಷಿಣದ ತುದಿ ಮುಟ್ಟುವಷ್ಟರಲ್ಲಿ ಮೂವರಿಗೂ ಸೇರಿ ಉಳಿದದ್ದು ಒಂದೇ ಬಾಟಲಿ ನೀರು.

ಮುಂದೆ ಪಶ್ಚಿಮದ ದಾರಿ. ಬೆಳಗ್ಗೆ ನೆರಳಿದ್ದ ಆ ಕಡೆ ಈಗ ನಿಗಿನಿಗಿ ಬಿಸಿಲು. ಹಿಂದೆ, ತಾವು ಬೆಂದು ಬಂದ ಪೂರ್ವದ ದಾರಿಯಲ್ಲಿ ತಂಪಾಗಿ ನೆರಳು ಇಳಿದಿತ್ತು.

"ಹೊಳ್ಳಿ ಹೋಗೂಣಪಾ," ಎಂದ ಮೆಹಬೂಬ. ಅವನ ಮುಖ ಕೆಂಪೇರಿ ಊದಿತ್ತು, ದನಿಯಲ್ಲಿ ಜಗಳವೂ ಉಳಿದಿರಲಿಲ್ಲ.

ಚನ್ನವೀರನಿಗೆ ತನ್ನ ತಪ್ಪು ಗೊತ್ತಾಗಿಹೋಗಿತ್ತು. ಆದರೂ ಕೈ ತಾನಾಗಿ ಕೊರಳ ಸೀಟಿಯನ್ನು ಬಿಗಿಹಿಡಿಯಿತು. ಹಿಂದಿರುಗಿದರೆ ಇದು ಹೋಯಿತು, ಮುಂದೆ ಹೋದರೆ ಮೆಹಬೂಬ ಹೋದಾನು.

ಕಸ್ತೂರಿ ಆ ಕೈಯನ್ನು ನೋಡಿದಳು. ಆಮೇಲೆ ದಾರಿಗೆ ಅಡ್ಡವಾಗಿ ಬೆಟ್ಟದಿಂದ ಇಳಿದಿದ್ದ ಒಣಹಳ್ಳವನ್ನು ನೋಡಿದಳು.

"ಅಣ್ಣಾರ, ಗುಡ್ಡ ಅಂದ್ರ ಈಶ್ವರನ ಗುಡಿ ಇದ್ಧಂಗ, ಹೌದಲ್ರೀ? ಅಭಿಷೇಕದ ನೀರ ಹೊರಗ ಬರೂ ಗೋಮುಖ ಯಾರರ ದಾಟ್ತಾರೇನು? ಅಲ್ಲಿ ತನಕಾ ಹೋಗಿ ಹೊಳ್ಳಿ ಬರ್ತಾರ. ಈಶ್ವರಗ ಅದ ಪೂರ್ತಿ ಪ್ರದಕ್ಷಿಣಿ. ಈ ಹಳ್ಳ ದಾಟಬ್ಯಾಡ್ರಿ, ಪಾಪ ಬರ್ತೈತಿ."

ಆ ಹಳ್ಳ ನೀರು ಕಂಡು ಎಷ್ಟು ಕಾಲವಾಗಿತ್ತೋ! ಆದರೆ ನಮ್ಮ ವೀರನ ಕಣ್ಣಿಗೆ ಅದು ಸಾಕ್ಷಾತ್ ಗಂಗೆಯಾಗಿ ಹರಿಯಿತು. "ಹೌದವಾ! ಶಾಸ್ತ್ರ ಅಂದ್ರ ಶಾಸ್ತ್ರ!" ಎಂದು ಕೂಗಿ, ಸೀಟಿ ಊದಿ, ಸಕಲಸೈನ್ಯಸಮೇತನಾಗಿ ನೆರಳಿನೊಳಕ್ಕೆ ವಿಜಯಪ್ರಯಾಣ ಬೆಳೆಸಿದನು. ಕೊನೆಯ ಬಾಟಲಿಯಲ್ಲಿ ಹೆಚ್ಚಿನ ಪಾಲು ಮೆಹಬೂಬನಿಗೇ ಕುಡಿಸಿದನು.

ಕಾರು ಮುಟ್ಟಿದಾಗ ಮೆಹಬೂಬ ಬಾನೆಟ್ಟಿಗೆ ಒರಗಿ ನಕ್ಕ. "ಆತಪಾ, ಪ್ರದಕ್ಷಿಣಿ ಪೂರ್ತಿ ಆತು. ಸೀಟಿ ನಿಂದ."

ಗೆದ್ದಿದ್ದ. ಚನ್ನವೀರ ಸೀಟಿಯನ್ನು ತುಟಿಗೆ ಒಯ್ದ. ಕಸ್ತೂರಿ ಅತ್ತ ನೋಡದೆ ಡಿಕ್ಕಿಯಿಂದ ಮಜ್ಜಿಗೆಯ ಫ್ಲಾಸ್ಕು ಹುಡುಕುತ್ತಿದ್ದಳು, ಏನೂ ನಡೆದೇ ಇಲ್ಲವೆಂಬಂತೆ. ಅವನು ಊದಲಿಲ್ಲ. ಕೊರಳಿಂದ ದಾರ ಬಿಚ್ಚಿ ಅವಳ ಮುಂದೆ ಹಿಡಿದ.

"ಯಾಕ್ರೀ ಅಣ್ಣಾರ?"

"ತಗೋರೆವಾ. ಹೊಳ್ಳೂದು ಹೆಂಗಂತ ನಿಮಗ ಗೊತ್ತೈತಿ."

ಅವಳು ಸೀಟಿಯನ್ನು ಸೆರಗಿನಿಂದ ಚೆನ್ನಾಗಿ ಒರೆಸಿ, ಬೆಟ್ಟ ಮಾರ್ದನಿಗೊಡುವಂತೆ ಊದಿ, ಮೊದಲ ಆಜ್ಞೆ ಹೊರಡಿಸಿದಳು: "ಥಂಡಿ ಬರೂ ತನಕಾ ಯಾರೂ ಗುಡ್ಡದ ಹೆಸರ ಎತ್ತಬಾರದು. ಎಲ್ಲಾರೂ ಕಾರ ಹತ್ರಿ, ಎ.ಸಿ. ಹಾಕ್ರಿ."

ಹೀಗೆ ಅರ್ಧ ಗುಡ್ಡವನ್ನು ಜಯಿಸಿದ ಮಹಾವೀರ ಚನ್ನವೀರನು ಹಿಂದೆ ಹತ್ತಿ, ಬಾಗಿಲೆಳೆದುಕೊಂಡು, ಮಜ್ಜಿಗೆ ತನ್ನ ಸರದಿಗೆ ಬರುವುದನ್ನೇ ಕಾಯುತ್ತ ಕುಳಿತನು.