ಐಸಣ್ಣ ಮೇಣ ಬಿಡಿಸಿದ ಪ್ರಸಂಗ

"ಸಂಜೆ ಷಡ್ಡಕ ತಗೊಂಡು ಹೋಗೋಕೆ ಬರೋದ್ರೊಳಗೆ ಈ ಕಾರ್ಪೆಟ್ ಮೇಲೆ ಸಾಸಿವೆಯಷ್ಟು ಮೇಣ ಉಳಿದಿದ್ರೂ ನನ್ನನ್ನ ಐಸಣ್ಣ ಅಂತ ಕರೀಬೇಡ!"

ಹಜಾರದ ನಟ್ಟನಡುವೆ ನಿಂತು ಎದೆ ತಟ್ಟಿಕೊಂಡು ಆಡಿದ ಮಾತಿದು. ಹೆಂಡತಿ ಹೊಲಿಗೆ ಮೆಷಿನ್ನಿನಿಂದ ತಲೆಯೆತ್ತಲಿಲ್ಲ.

"ನಾನ್ಯಾವತ್ತು ಹಾಗೆ ಕರೆದಿದ್ದೀನಿ? 'ರೀ' ಅಂತ ತಾನೇ ಕರೆಯೋದು?"

ಐಸಣ್ಣ ಅನ್ನುವುದು ಬೀದಿಯವರು ಇಟ್ಟ ಹೆಸರು. ಬಂದರಿನ ಹಿಂದೆ ಮೀನಿನ ಕೋಲ್ಡ್ ಸ್ಟೋರೇಜ್ ಇದೆಯಲ್ಲ, ಅಲ್ಲಿನ ಯಂತ್ರಗಳ ಸರ್ವಾಧಿಕಾರಿ ನಮ್ಮ ಐಸಣ್ಣ. ಅವನು ಗುಂಡಿ ಒತ್ತಿದನೆಂದರೆ ಟನ್ನುಗಟ್ಟಲೆ ಮೀನು ಕಲ್ಲಾಗಿ ಕೂರುತ್ತದೆ! ಅವನೆದುರು ಹಾಗೆ ಕೂರದೇ ಇರುವವನು ಷಡ್ಡಕನೊಬ್ಬನೇ. ವಿಮೆ ಕಂಪನಿಯಲ್ಲಿ ಅವನಿಗೆ ನಷ್ಟ ಅಂದಾಜು ಮಾಡುವ ಕೆಲಸ. ಸುಟ್ಟ ಅಂಗಡಿ, ನಜ್ಜುಗುಜ್ಜಾದ ಕಾರು ನೋಡಿ ತಪ್ಪು ಯಾರದೆಂದು ಹೇಳುವುದು ಅವನ ಕಸುಬು. ನೆಂಟರ ಮನೆಗೆ ಬಂದರೂ ಆ ಕಸುಬು ಬಿಡುವವನಲ್ಲ. ಈ ಮನೆಯಲ್ಲಿ ಕೆಟ್ಟದ್ದಕ್ಕೆಲ್ಲ ಐಸಣ್ಣನೇ ಕಾರಣ ಎಂಬುದು ಅವನು ಎಂದೋ ಬರೆದಿಟ್ಟ ತೀರ್ಪು.

ಕಾರ್ಪೆಟ್ಟು ಆ ಮಹಾನುಭಾವನದೇ! ಮನೆಗೆ ಬಣ್ಣ ಬಳಿಸುತ್ತಿದ್ದೇನೆಂದು ಸುತ್ತಿ ತಂದು ಇಲ್ಲಿಟ್ಟು, "ಸುತ್ತಿದ ಹಾಗೇ ಇರಲಿ, ಬಿಚ್ಚಬೇಡಿ" ಎಂದು ಹೇಳಿ ಹೋಗಿದ್ದ. ಬೇಡ ಎಂದ ಮೇಲೆ ಸುಮ್ಮನಿರುವ ಆಸಾಮಿಯೇ ಐಸಣ್ಣ? ಕಾರು ಬೀದಿ ದಾಟುವಷ್ಟರಲ್ಲಿ ಬಿಚ್ಚಿ ಹಾಸಿ, ಅದರ ಮೇಲೆ ಕಾಲು ಚಾಚಿ ಕೂತಿದ್ದ. ನಿನ್ನೆ ಸಂಜೆ ಕರೆಂಟು ಹೋಯಿತು. ಐಸಣ್ಣ ಕೆಂಪು ಮೇಣದಬತ್ತಿ ಹಿಡಿದು ಬಂದ, ಕಾರ್ಪೆಟ್ಟಿನ ಅಂಚಿಗೆ ಎಡವಿದ. ಕೆನೆಬಣ್ಣದ ಕಾರ್ಪೆಟ್ಟಿನ ಮೇಲೆ ಊಟದ ತಟ್ಟೆಯಷ್ಟು ಅಗಲದ ಕೆಂಪು ಕಲೆ! ಯಾರನ್ನೋ ಕಡಿದು ಹಾಕಿದ ಹಾಗಿತ್ತು.

"ಮೇಲೊಂದು ಹಳೇ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಎಳೀರಿ. ಮೇಣ ಕರಗಿ ಬಟ್ಟೆಗೆ ಬರುತ್ತೆ" ಎಂದಳು ಹೆಂಡತಿ.

"ಬಿಸಿನಾ? ಕರಗಿ ಇನ್ನೂ ಒಳಗಿಳಿದ್ರೆ? ಮೇಣಕ್ಕೆ ತಂಪೇ ಮದ್ದು. ಗಟ್ಟಿ ಮಾಡು, ಪುಡಿ ಮಾಡು, ಕೊಡವು! ತಂಪಿನ ವಿಷಯ ನನಗೆ ಹೇಳ್ಕೊಡ್ತೀಯಾ?"

ಫ್ರಿಜ್ಜಿನಲ್ಲಿದ್ದ ಐಸನ್ನೆಲ್ಲ ಕಲೆಯ ಮೇಲೆ ಸುರಿದ. ಮೇಣ ಮಿಸುಕಲಿಲ್ಲ, ನೀರು ಮಾತ್ರ ಸೋಫಾದ ಕೆಳಗೆ ಹರಿಯಿತು. ಆಗ ಹೊಳೆಯಿತು ನೋಡಿ ಮಹಾ ಉಪಾಯ! ಕೋಲ್ಡ್ ಸ್ಟೋರೇಜಿನ ವ್ಯಾನ್ ಡ್ರೈವರನನ್ನು ಕರೆಸಿ, ಕಾರ್ಪೆಟ್ಟನ್ನು ಸುತ್ತಿ ವ್ಯಾನಿಗೇರಿಸಿಬಿಟ್ಟ.

"ರೀ, ಅದು ಮೀನಿಡೋ ಜಾಗ ಕಣ್ರೀ!" ಎಂದು ಹೆಂಡತಿ ಬಾಗಿಲ ತನಕ ಓಡಿದಳು.

"ಮೀನು ಪೆಟ್ಟಿಗೇಲಿರುತ್ತೆ ಕಣೇ, ಕಾರ್ಪೆಟ್ ಹೊರಗಿರುತ್ತೆ!" ವ್ಯಾನು ಹೊರಟೇಹೋಯಿತು.

ಮೀನಿನ ಪೆಟ್ಟಿಗೆಗಳ ಸಾಲಿನ ನಡುವೆ ಕಾರ್ಪೆಟ್ಟು ಅಂಗಾತ ಮಲಗಿತು. ಐಸಣ್ಣ ಟೀ ಕುಡಿದು ಬಂದು ಚಮಚದ ಹಿಂಬದಿಯಿಂದ ಒಂದು ಏಟು ಕೊಟ್ಟ. ಟಪ್! ಮೇಣ ಚೂರುಚೂರಾಗಿ ಗೋಡೆಗೆ ಹಾರಿತು. ಇನ್ನೊಂದು ಏಟು, ಮತ್ತೊಂದು ಏಟು, ಕಲೆ ನಾಪತ್ತೆ! ರಾಜ್ಯ ಗೆದ್ದವನಂತೆ ಐಸಣ್ಣ ಸೊಂಟದ ಮೇಲೆ ಕೈಯಿಟ್ಟು ನಿಂತ. ಕಾರ್ಪೆಟ್ಟು ಮಾತ್ರ ಹಲಗೆಯಂತೆ ಸೆಟೆದುಕೊಂಡಿತ್ತು. ಸುತ್ತಲು ಹೋದರೆ ಮುರಿದೇಹೋದೀತು, ಸುತ್ತದಿದ್ದರೆ ವ್ಯಾನಿಗೆ ಹಿಡಿಸದು! ಡ್ರೈವರನೂ ಅವನೂ ಎರಡು ತುದಿ ಹಿಡಿದು ಬೀದಿಯಲ್ಲಿ ಹೊತ್ತು ತಂದರು.

"ಏನಣ್ಣಾ, ಹೊಸ ಬಾಗಿಲಾ?" ಎಂದ ಸೈಕಲ್ ಅಂಗಡಿಯವನು. ಐಸಣ್ಣ ಗತ್ತಿನಿಂದ ತಲೆಯಾಡಿಸಿದ.

ಹಜಾರದಲ್ಲಿ ಕಾರ್ಪೆಟ್ಟು ಮೆಲ್ಲಗೆ ಸಡಿಲವಾಗತೊಡಗಿತು. ಹೆಂಡತಿ ಹೊಲಿಗೆ ನಿಲ್ಲಿಸಿದಳು. ಸೆರಗು ಮೂಗಿಗೆ ಹೋಯಿತು.

"ಅಯ್ಯಯ್ಯೋ! ಏನ್ರೀ ಇದು?"

"ಚೊಕ್ಕಟ! ಮೇಣದ ಸುಳಿವೇ ಇಲ್ಲ."

"ಮೇಣ ಹಾಳಾಗ್ಲಿ! ವಾಸನೆ! ಮನೆಯೆಲ್ಲ ಮೀನು ಮಾರ್ಕೆಟ್ಟಾಯ್ತಲ್ರೀ!"

ಐಸಣ್ಣ ಮಂಡಿಯೂರಿ, ಕಾರ್ಪೆಟ್ಟಿಗೆ ಮೂಗು ತೂರಿಸಿ ದೀರ್ಘವಾಗಿ ಉಸಿರೆಳೆದ. ಏನೂ ಬರಲಿಲ್ಲ. ಇಷ್ಟು ವರ್ಷ ಮೀನಿನ ನಡುವೆ ದುಡಿದ ಆ ಮೂಗು ಎಂದೋ ರಾಜೀನಾಮೆ ಕೊಟ್ಟು ಹೋಗಿತ್ತು.

"ನನಗೇನೂ ಬರ್ತಿಲ್ಲ. ನಿನಗೆ ನೆಗಡಿ ಇರಬೇಕು."

"ನೆಗಡಿ ಆದ್ರೆ ವಾಸನೆ ಬರೋದಿಲ್ಲ ಕಣ್ರೀ!"

ಅಷ್ಟರಲ್ಲಿ ಕಿಟಕಿಯಿಂದ ಒಂದು ಬೆಕ್ಕು ಧುಮುಕಿತು. ಹಿಂದೆಯೇ ಇನ್ನೊಂದು. ಬಾಗಿಲಿನಿಂದ ಒಂದು ತಾಯಿಬೆಕ್ಕು ತನ್ನ ಸಂಸಾರ ಸಮೇತ ಬಂತು. ಬೀದಿಯಲ್ಲಿ ಇಷ್ಟು ಬೆಕ್ಕುಗಳಿವೆಯೆಂದು ಯಾರಿಗೆ ಗೊತ್ತಿತ್ತು! ಎಲ್ಲವೂ ಕಾರ್ಪೆಟ್ಟಿನ ಮೇಲೆ ಹೊರಳಿ ನೆಕ್ಕತೊಡಗಿದವು. ಹೆಂಡತಿಯ ಮಾತು ನಂಬದವನು ಬೆಕ್ಕುಗಳನ್ನು ನಂಬಲೇಬೇಕಾಯಿತು. ಷಡ್ಡಕನ ಕಾರ್ಪೆಟ್ಟು! ಇನ್ನು ಬದುಕಿರುವ ತನಕ ಮದುವೆ ಮುಂಜಿಗಳಲ್ಲಿ ಇದೇ ಕಥೆ ಕೇಳಬೇಕಲ್ಲಪ್ಪಾ!

ಪೌಡರು ಚೆಲ್ಲಿದ. ಸೆಂಟು ಸುರಿದ.

"ಈಗ ಮೀನು ಮದುವೆಗೆ ಹೊರಟ ಹಾಗಿದೆ" ಎಂದಳು ಹೆಂಡತಿ, ಸೆರಗಿನೊಳಗಿಂದಲೇ.

ಟ್ರಿಣ್! ಕರೆಗಂಟೆ.

ಬೆಕ್ಕುಗಳನ್ನು ಒದರಿ, ಕಾರ್ಪೆಟ್ಟು ಸುತ್ತಿ ಗೋಡೆಗೊರಗಿಸಿ, ಐಸಣ್ಣ ಅದರ ಪಕ್ಕದಲ್ಲೇ ಕಾವಲು ನಿಂತ. ಹೆಂಡತಿಯ ಅಕ್ಕನ ಜೊತೆ ಒಳಬಂದ ಷಡ್ಡಕ ಕುಶಲ ಕೂಡ ಕೇಳಲಿಲ್ಲ. ಕಾರ್ಪೆಟ್ಟು ಬಿಚ್ಚಿ, ಜೇಬಿನಿಂದ ಟಾರ್ಚು ತೆಗೆದು, ಮೂಲೆಯಿಂದ ಮೂಲೆಗೆ ಅಂಗುಲ ಅಂಗುಲ ನೋಡಿದ. ಕಲೆಯಿಲ್ಲ! ಆಮೇಲೆ ಅವನ ಮೂಗು ಅರಳಿತು. ಕಾರ್ಪೆಟ್ಟನ್ನು ಮೂಸಿದ. ಎದ್ದು ನಿಂತು ಐಸಣ್ಣನ ಹೆಗಲನ್ನೂ ಮೂಸಿದ!

ಐಸಣ್ಣ ತೊದಲಿದ. "ಅದು... ಏನಾಯ್ತು ಅಂದ್ರೆ..."

"ಹೇಳೋದೇ ಬೇಡ, ಕಾರಣ ಗೊತ್ತಾಯ್ತು" ಎಂದು ಷಡ್ಡಕ ಕೈಯೆತ್ತಿದ. "ಡ್ಯೂಟಿಯಿಂದ ಬಂದು ಇದರ ಮೇಲೇ ನಿದ್ದೆ ಹೊಡೆದಿದ್ದೀರಿ. ಇರ್ಲಿ, ಬಿಸಿಲಿಗೆ ಹಾಕಿದ್ರೆ ಹೋಗುತ್ತೆ. ನಿಮ್ಮ ವಾಸನೆ ನಮಗೇನು ಹೊಸದಾ?"

ಐಸಣ್ಣ ಕಣ್ಣು ಕಣ್ಣು ಬಿಟ್ಟ. "ನನ್ನ... ವಾಸನೆನಾ?"

"ಮತ್ತೆ?" ಎಂದು ಹೆಂಡತಿಯ ಅಕ್ಕ ಅಕ್ಕರೆಯಿಂದಲೇ ನಕ್ಕಳು. "ನಮ್ಮನೇಲಿ ನಿಮಗೆ ಯಾವಾಗ್ಲೂ ಕಿಟಕಿ ಪಕ್ಕದ ಕುರ್ಚೀನೇ ಯಾಕೆ ಕೊಡ್ತೀವಿ ಅಂದ್ಕೊಂಡ್ರಿ?"

ಮರ್ಯಾದೆಗೆ ಎಂದುಕೊಂಡಿದ್ದ, ಪಾಪ! ಐಸಣ್ಣನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ವಾಸನೆ ನನ್ನದಲ್ಲ, ಕಾರ್ಪೆಟ್ಟಿನದು ಎನ್ನಲೇ? ಹೇಳಿದರೆ ಮೇಣದ ಕಥೆ ಹೊರಬೀಳುತ್ತದೆ. ಹೇಳದಿದ್ದರೆ ಆ ಮೀನೇ ತಾನಾಗಬೇಕು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ಒದ್ದಾಡಿ, ಕೊನೆಗೆ ನುಂಗಿಕೊಂಡ.

"ಹೌದು. ನಂದೇ."

ಷಡ್ಡಕ ಐಸಣ್ಣನ ಹೆಂಡತಿಯ ಕಡೆ ತಿರುಗಿ ಲೊಚಗುಟ್ಟಿದ. "ಪಾಪ, ನೀನು ದಿನಾ ಹೇಗಮ್ಮಾ ಸಹಿಸ್ಕೋತೀಯ?"

"ಅಭ್ಯಾಸ ಆಗಿಹೋಗಿದೆ ಭಾವ. ಮದುವೆಯಾದ ಹೊಸದರಲ್ಲಿ ಸ್ವಲ್ಪ ಕಷ್ಟ ಆಯ್ತು ಅಷ್ಟೇ."

ಕಾರ್ಪೆಟ್ಟನ್ನು ಹೇರಿಕೊಂಡು ಕಾರು ಹೊರಟಿತು. ಬೆಕ್ಕುಗಳು ತಿರುವಿನವರೆಗೂ ಬೀಳ್ಕೊಟ್ಟು ಬಂದವು. ಐಸಣ್ಣ ಬಾಗಿಲು ಹಾಕಿ, ಬೆವರೊರೆಸಿಕೊಂಡು, ಹೊಟ್ಟೆ ಹಿಡಿದು ನಗಲು ಶುರುಮಾಡಿದ.

"ಭಲೇ ಜಾಣೆ ಕಣೇ ನೀನು! ಕಣ್ಣು ಮಿಟುಕಿಸದೆ ಎಂಥಾ ಸುಳ್ಳು ಹೇಳಿ ನನ್ನ ಮಾನ ಉಳಿಸಿಬಿಟ್ಟೆ!"

ಹೆಂಡತಿ ಸೂಜಿಗೆ ದಾರ ಪೋಣಿಸುತ್ತ ತಲೆಯೆತ್ತಿದಳು.

"ಸುಳ್ಳಾ? ಯಾವ ಸುಳ್ಳು ರೀ?"