ಎರಡನೇ ಬೇಸಿನ ಕಳ್ಳ

ಭಾನುವಾರ ಬೆಳಗ್ಗೆ ಕ್ಷೌರದಂಗಡಿ ತೆರೆಯುತ್ತಲೇ ಮೊದಲ ಗಿರಾಕಿ ಕುರ್ಚಿಯಲ್ಲಿ ಕೂತು, ಕೊರಳಿಗೆ ಬಟ್ಟೆ ಕಟ್ಟಿಸಿಕೊಳ್ಳುತ್ತ ಕೇಳಿದ: "ಇವತ್ತಾದ್ರೂ ಆ ಪೋಸ್ಟ್‌ಮ್ಯಾನ್‌ನ ಹಿಡೀತೀಯೋ, ಇಲ್ಲ ಹೋದ ವಾರದ ಹಾಗೆ ಮೈದಾನಾನೇ ಅವನ ಹೆಸರಿಗೆ ಬರೆದುಕೊಡ್ತೀಯೋ?"

ಕ್ಷೌರಿಕನ ಮುಖ ಕೆಂಪಾಯಿತು. ಬೀದಿಯವರ ಬೇಸ್‌ಬಾಲ್ ತಂಡಕ್ಕೆ ಅವನೇ ಕ್ಯಾಚರ್. ಬ್ಯಾಟುಗಾರನ ಹಿಂದೆ ಕುಕ್ಕರಗಾಲಲ್ಲಿ ಕೂತು, ಪಿಚರ್ ಎಸೆದ ಚೆಂಡು ಹಿಡಿಯುವುದು ಅವನ ಕೆಲಸ. ಅದನ್ನೇನೋ ಚೆನ್ನಾಗಿಯೇ ಮಾಡುತ್ತಿದ್ದ. ಕಾಟವೆಲ್ಲ ಕಳ್ಳರದು. ಪಿಚರ್ ಚೆಂಡೆಸೆಯುವ ಹೊತ್ತಿಗೆ ಒಂದನೇ ಬೇಸಿನಲ್ಲಿ ನಿಂತ ಎದುರಾಳಿ ಓಟ ಕಿತ್ತು ಎರಡನೇ ಬೇಸ್ ಸೇರಿಕೊಂಡರೆ ಅದಕ್ಕೆ ಬೇಸ್ ಕದಿಯುವುದು ಎನ್ನುತ್ತಾರೆ. ಅವನಿಗಿಂತ ಮೊದಲು ಚೆಂಡನ್ನು ಅಲ್ಲಿಗೆ ಮುಟ್ಟಿಸಬೇಕಾದವನು ಕ್ಯಾಚರ್. ಕದ್ದವನಿಗೆ ಚಪ್ಪಾಳೆ, ಕಳಕೊಂಡವನಿಗೆ ಬೈಗಳು. ಅಂಥ ನ್ಯಾಯ ಅದು.

ಕೆಳಬೀದಿಯ ತಂಡದ ಪೋಸ್ಟ್‌ಮ್ಯಾನ್ ವರ್ಷಗಟ್ಟಲೆ ನಾಯಿಗಳ ಮುಂದೆ ಓಡಿ ಪಳಗಿದವನು. ಹೋದ ವಾರ ಅವನನ್ನು ಹಿಡಿಯಲೆಂದು ಕ್ಷೌರಿಕ ಬೀಸಿದ ಚೆಂಡು ಎರಡನೇ ಬೇಸನ್ನು ದಾಟಿ, ಮೈದಾನದಾಚೆ ಬಟ್ಟೆ ಒಣಹಾಕುತ್ತಿದ್ದ ಅಜ್ಜಿಯ ಬಕೆಟ್ಟಿಗೆ ಬಿದ್ದಿತ್ತು.

"ಎದ್ದು ನಿಂತು ಎಸೀತೀಯಲ್ಲ, ಅದೇ ತಪ್ಪು," ಎಂದ ಗಿರಾಕಿ. "ಕೂತಲ್ಲಿಂದಲೇ ಬೀಸ್ಬೇಕು."

"ಕೂತು ಬೀಸಿದ್ರೆ ಪಿಚರ್ ತಲೆಗೆ ಬೀಳುತ್ತೆ," ಎಂದ, ಬೆಂಚಿನ ಮೇಲೆ ಪೇಪರ್ ಹಿಡಿದಿದ್ದ ಬಸ್ ಡ್ರೈವರ್. "ಮೊಣಕೈ ಕಿವಿ ಹತ್ರ ಬರ್ಬೇಕು. ಎಲ್ಲಿ, ಎಸೆದು ತೋರ್ಸು."

"ಇಲ್ಲಿ ಎಸೆಯೋಕೆ ಏನಿದೆ?"

"ಆ ಸೋಪು ತಗೊಳ್ಳಯ್ಯ!"

ಮೊಣಕೈ ಕಿವಿಯ ಹತ್ತಿರ ಬಂತು. ಬಾಗಿಲಾಚೆ ಹೋಗಬೇಕಾದ ಸೋಪು ಮಾತ್ರ ಕನ್ನಡಿಗೆ ಹೋಯಿತು. ಅರ್ಧ ಗಡ್ಡದ ಗಿರಾಕಿಗೆ ಬಿರುಕಿನಲ್ಲಿ ತನ್ನದೇ ಮೂರು ಮುಖ ಕಂಡವು.

ಸದ್ದಿಗೆ ಹೆಂಡತಿ ಮಹಡಿಯಿಂದ ಇಳಿದುಬಂದಳು. "ಕಳ್ಳ ಬರೋದು ಮಧ್ಯಾಹ್ನ. ಬೆಳಗ್ಗೇನೇ ಅಂಗಡಿ ಯಾಕೆ ಒಡೀತೀರಾ?" ಎಂದು ಪೊರಕೆಯನ್ನು ಅವನ ಕೈಗಿಟ್ಟಳು. ಆಮೇಲೆ ದನಿ ತಗ್ಗಿಸಿ, "ಅಣ್ಣ ಹೇಳ್ದ, ಇವತ್ತೂ ಸೋತ್ರೆ ಮುಂದಿನ ವಾರದಿಂದ ಡ್ರೈವರ್ರೇ ಕ್ಯಾಚರ್ ಅಂತೆ," ಎಂದಳು.

ಡ್ರೈವರ್ ಪೇಪರಿನೊಳಗೆ ಮುಖ ಹುದುಗಿಸಿದ.

ಅಣ್ಣನೆಂದರೆ ಬೇಕರಿಯ ಯಜಮಾನ, ಕ್ಷೌರಿಕನಿಗೆ ಭಾವ. ತಂಡದ ನಾಯಕನೂ ಅವನೇ, ಪಿಚರನೂ ಅವನೇ. ಆಟಕ್ಕೆ ಮುಂಚೆ ಕ್ಷೌರಿಕನನ್ನು ಪಕ್ಕಕ್ಕೆ ಕರೆದು ಉಪಾಯ ಹೇಳಿಕೊಟ್ಟ: "ಅವನು ಓಡ್ತಾನೆ ಅನ್ನಿಸಿದ್ರೆ ಮುಷ್ಟಿ ತೋರ್ಸು. ಬ್ಯಾಟಿಗೆ ಎಟುಕದ ಹಾಗೆ ಆಚೆಗೆ ಎಸೀತೀನಿ. ನೀನು ಎದ್ದು ನಿಂತು ಹಿಡ್ಕೊ, ಹಿಡಿದವನೇ ಬೀಸು."

ಉಪಾಯ ನೆನಪಾಗುವ ಮೊದಲೇ ಪೋಸ್ಟ್‌ಮ್ಯಾನ್ ಕದಿಯತೊಡಗಿದ. ಮೊದಲ ಸಲ ಕ್ಷೌರಿಕನ ಎಸೆತಕ್ಕೆ ಭಾವನ ಟೋಪಿ ಹಾರಿತು. ಎರಡನೇ ಸಲ ಚೆಂಡು ಕ್ಷೌರಿಕನ ಎದೆಕವಚದೊಳಗೇ ಸಿಕ್ಕಿಕೊಂಡಿತು. ಕಳೆದುಹೋದ ಉಂಗುರ ಹುಡುಕುವವನಂತೆ ಅವನು ನೆಲ ತಡಕುತ್ತಿರಲು, ಪೋಸ್ಟ್‌ಮ್ಯಾನ್ ಎರಡನೇ ಬೇಸ್ ಮುಟ್ಟಿ, ಸ್ವಲ್ಪ ಸುಧಾರಿಸಿಕೊಂಡು, ಮೂರನೆಯದನ್ನೂ ಮುಟ್ಟಿದ.

ಆದರೂ ಹೇಗೋ ಏನೋ, ಕೊನೆಯ ಸರದಿಯ ಹೊತ್ತಿಗೆ ಇವರದೇ ಒಂದು ರನ್ ಮುಂದಿತ್ತು. ಇನ್ನೊಬ್ಬ ಔಟಾದರೆ ಗೆಲುವು. ಒಂದನೇ ಬೇಸಿನಲ್ಲಿ ಮತ್ತೆ ಅದೇ ಪೋಸ್ಟ್‌ಮ್ಯಾನ್!

ಕ್ಷೌರಿಕ ಅವನ ಮೇಲಿಟ್ಟ ಕಣ್ಣು ಕೀಳಲಿಲ್ಲ. ಚೆಂಡು ಬಂತು, ಹಿಡಿದ, ಹಿಂದಕ್ಕೆಸೆದ, ಮತ್ತೆ ಅವನ ಮಂಡಿಯನ್ನೇ ನೋಡಿದ. ಅಂಪೈರ್ ಏನು ಕೂಗುತ್ತಿದ್ದಾನೆಂಬುದೂ ಕಿವಿಗೆ ಬೀಳಲಿಲ್ಲ. ಕೊನೆಗೆ ಆ ಮಂಡಿ ಒಂದಿಷ್ಟು ಬಾಗಿತು. ಕ್ಷೌರಿಕ ಮುಷ್ಟಿ ತೋರಿಸಿದ.

ಭಾವ ತಲೆಯನ್ನು ಅತ್ತಿತ್ತ ಆಡಿಸಿದ. ನೊಣ ಓಡಿಸುತ್ತಿರಬೇಕೆಂದುಕೊಂಡು ಇವನು ಮತ್ತೆ ಮುಷ್ಟಿ ತೋರಿಸಿದ. ಭಾವ ಇನ್ನೂ ಜೋರಾಗಿ ತಲೆಯಾಡಿಸಿದ. ಇವನು ಎರಡೂ ಮುಷ್ಟಿ ತೋರಿಸಿದ. ಯಾವತ್ತೂ ಹಠ ಮಾಡದ ಮನುಷ್ಯ ಇಷ್ಟು ಹಠ ಹಿಡಿದಿದ್ದಾನೆಂದರೆ ಏನೋ ಇರಬೇಕೆಂದುಕೊಂಡು ಭಾವ ಚೆಂಡನ್ನು ಆಚೆಗೆ ಎಸೆದ.

ಪೋಸ್ಟ್‌ಮ್ಯಾನ್ ಓಡಿದ. ಕ್ಷೌರಿಕ ಎದ್ದ, ಹಿಡಿದ, ಬೀಸಿದ. ಚೆಂಡು ದಾರ ಎಳೆದಂತೆ ನೇರ ಹೋಗಿ ಎರಡನೇ ಬೇಸ್ ಕಾಯುತ್ತಿದ್ದ ಮೇಷ್ಟ್ರ ಕೈಗವಸಿಗೆ ಬಿತ್ತು. ಪೋಸ್ಟ್‌ಮ್ಯಾನ್ ಇನ್ನೂ ಒಂದು ಮೊಳ ದೂರವಿದ್ದ. ಮೇಷ್ಟ್ರು ಬಗ್ಗಿ ಅವನ ಭುಜಕ್ಕೆ ಚೆಂಡು ಮುಟ್ಟಿಸಿದರು.

ಮೈದಾನವೇ ಎದ್ದು ಕುಣಿಯಿತು. ಕ್ಷೌರಿಕನನ್ನು ಹೆಗಲ ಮೇಲೆ ಹೊತ್ತರು. ಡ್ರೈವರನೂ ಒಂದು ಕಾಲು ಹಿಡಿದುಕೊಂಡ.

"ಇಳ್ಸಿ ಅವ್ರನ್ನ," ಎಂದ ಅಂಪೈರ್.

"ಔಟ್ ತಾನೇ?" ಮೇಲಿನಿಂದಲೇ ಕೇಳಿದ ಕ್ಷೌರಿಕ.

"ಎಸೆತವೇನೋ ಬಹಳ ಚೆನ್ನಾಗಿತ್ತು. ಆದ್ರೆ ಆಚೆ ಎಸೆಸಿಕೊಂಡ್ರಲ್ಲ, ಹಾಗೆ ಬ್ಯಾಟಿಗೆ ಎಟುಕದೆ ಹೋದ ನಾಲ್ಕನೇ ತಪ್ಪು ಚೆಂಡು ಅದು. ನಾಲ್ಕಾದ್ರೆ ಬ್ಯಾಟುಗಾರನಿಗೆ ಒಂದನೇ ಬೇಸ್ ಪುಕ್ಕಟೆ. ಅಲ್ಲಿದ್ದವರಿಗೆ ಎರಡನೇದೂ ಪುಕ್ಕಟೆ. ಪಾಪ, ಪೋಸ್ಟ್‌ಮ್ಯಾನ್ ಓಡೋದೇ ಬೇಕಿರಲಿಲ್ಲ, ನಡ್ಕೊಂಡು ಹೋಗ್ಬಹುದಿತ್ತು."

ಹೊತ್ತವರು ಮೂಟೆ ಇಳಿಸುವಂತೆ ಅವನನ್ನು ಇಳಿಸಿದರು.

"ನಾನು ತಲೆ ಅಲ್ಲಾಡಿಸಿದ್ದು ಏನಕ್ಕೆ ಅಂದ್ಕೊಂಡೆ?" ಭಾವ ಹಲ್ಲು ಕಚ್ಚಿದ. ಮುಂದಿನ ಚೆಂಡನ್ನು ಆ ಸಿಟ್ಟಿನಲ್ಲೇ ಎಸೆದ. ಹೊಸದಾಗಿ ಬಂದ ಬ್ಯಾಟುಗಾರ ಅದನ್ನು ಬೇಲಿಯಾಚೆ ಕಳಿಸಿದ. ಬೇಸಿನಲ್ಲಿದ್ದ ಇಬ್ಬರೂ ಅವನೂ ಸುತ್ತಿ ಬಂದು ಮೂರು ರನ್ ಮಾಡಿದರು, ಆಟ ಸೋಲಿನಲ್ಲಿ ಮುಗಿಯಿತು. ಕ್ಯಾಚರ್ ಜಾಗ ಡ್ರೈವರನ ಪಾಲಾಯಿತು.

ಪೋಸ್ಟ್‌ಮ್ಯಾನ್ ಮಣ್ಣು ಕೊಡವುತ್ತ ಬಂದು ಕ್ಷೌರಿಕನ ಕೈ ಕುಲುಕಿದ. "ಅಣ್ಣಾ, ಇಷ್ಟು ವರ್ಷದಲ್ಲಿ ನನಗಿಂತ ಮುಂಚೆ ಚೆಂಡು ಬಂದಿದ್ದು ಇವತ್ತೇ. ಎದೆ ಧಸಕ್ ಅಂತು!"

ಮನೆಯ ದಾರಿಯುದ್ದಕ್ಕೂ ಕ್ಷೌರಿಕನ ಬರಿಗೈ ಗಾಳಿಯಲ್ಲಿ ಚೆಂಡು ಬೀಸುತ್ತಲೇ ಇತ್ತು.

"ನೋಡಿದ್ಯಾ ನೀನು?"

"ನೋಡ್ದೆ. ಎದ್ದು ನಿಂತು ನೋಡ್ದೆ," ಎಂದಳು ಹೆಂಡತಿ. "ಅಣ್ಣನ ಹತ್ರ ನಾನು ಮಾತಾಡ್ತೀನಿ. ಅಷ್ಟರಲ್ಲಿ ನೀವು ನಾಲ್ಕರ ತನಕ ಎಣಿಸೋದು ಕಲ್ತುಕೊಳ್ಳಿ."