ಉತ್ತರಿಸದವರ ಪಟ್ಟಿ

ಆಲಿಸಿರಿ, ಬಂಧುಗಳೇ. ಕೈಯಲ್ಲಿರುವ ಮೊಬೈಲನ್ನು ಒಂದು ಗಳಿಗೆ ಮಗುಚಿಟ್ಟು ಆಲಿಸಿರಿ. ದೇವರು ಕರುಣೆಯಿಟ್ಟು ಮನುಷ್ಯನಿಗೆ ಬಾಯಿ ಕೊಟ್ಟ. ಅದು ಸಾಲದೆಂದು ಮನುಷ್ಯ ಬಟನ್ ಕಂಡುಹಿಡಿದ. ಹಾಗೆ ಕಂಡುಹಿಡಿದ ಪುಣ್ಯಾತ್ಮರಲ್ಲಿ ಒಬ್ಬನ ಕಥೆಯಿದು.

ಸಂದೇಶ ಕಳಿಸುವ ಆ್ಯಪ್ ನಡೆಸುವ ಕಂಪನಿಯೊಂದರಲ್ಲಿ ಆತ ವಿನ್ಯಾಸಕ. ಮೂವರು ಮಕ್ಕಳಲ್ಲಿ ಕಿರಿಯವನಾದ್ದರಿಂದ ನಲವತ್ತೊಂದು ತುಂಬಿದ ಮೇಲೂ ಮನೆಯವರಿಗೆ ಅವನು 'ಮರಿ'. ಕಂಪನಿಯು ಈ ಮರಿಗೆ ಒಂದು ಮಹಾಕಾರ್ಯವನ್ನು ಒಪ್ಪಿಸಿತ್ತು. ಗ್ರೂಪಿನವರು ಒಂದೆಡೆ ಸೇರಬೇಕಾದರೆ ಎಂದು, ಎಲ್ಲಿ, ಯಾರು ಬರುವರು, ಯಾರಿಗೆ ಯಾವ ಕೆಲಸ ಎಂಬುದೆಲ್ಲವೂ ಆ್ಯಪಿನೊಳಗೇ, ಯಾರೂ ಯಾರಿಗೂ ಫೋನ್ ಮಾಡದೆ ತೀರ್ಮಾನವಾಗಬೇಕು. ಹನ್ನೊಂದು ತಿಂಗಳು ಅವನು ಕಚೇರಿಯ ಗಾಜಿನ ಗೋಡೆಗೆ ಹಳದಿ ಚೀಟಿಗಳನ್ನು ಅಂಟಿಸಿದ, ಕಿತ್ತ, ಮತ್ತೆ ಅಂಟಿಸಿದ. (ಅಷ್ಟು ಭಕ್ತಿಯಿಂದ ಅವನು ದೇವರನ್ನೂ ನೆನೆದವನಲ್ಲ.)

ಈ ಮಹಾಕಾರ್ಯಕ್ಕೆ ಒಬ್ಬ ವೈರಿಯಿದ್ದ: ಸಂದೇಶವನ್ನು ನೋಡಿಯೂ ಉತ್ತರಿಸದವನು. ಅಂಥವನೊಬ್ಬ ಪ್ರತಿ ಗ್ರೂಪಿನಲ್ಲೂ ಇರುತ್ತಾನೆ. ಅವನೊಬ್ಬನಿಂದ ಇಪ್ಪತ್ತು ಜನರ ತೀರ್ಮಾನ ನೇತಾಡುತ್ತದೆ. ಅವನ ಸಂಹಾರಕ್ಕೆಂದೇ ಮರಿ ಒಂದು ನಿಯಮ ರಚಿಸಿದ. ಎರಡು ದಿನ ಉತ್ತರ ಬಾರದಿದ್ದರೆ 'ಬರುವುದಿಲ್ಲ' ಎಂದೇ ಲೆಕ್ಕ. ಹೆಸರು ಬೂದುಬಣ್ಣದ ಪಟ್ಟಿಗೆ ಇಳಿಯುತ್ತದೆ. ದಿನವೋ ಜಾಗವೋ ಬದಲಾದರೆ ಅವರಿಗೆ ಮತ್ತೆ ತಿಳಿಸಿ ತೊಂದರೆ ಕೊಡುವುದಿಲ್ಲ. ಅವರಿಗೆ ಸಂಬಂಧಪಟ್ಟ ಕೆಲಸಗಳೂ ತಾವಾಗಿಯೇ ಅಳಿಸಿಹೋಗುತ್ತವೆ.

"ಅದ್ಭುತ!" ಎಂದರು ಮ್ಯಾನೇಜರು. "ಬಿಡುಗಡೆಗೆ ಮುಂಚೆ ಒಂದು ನಿಜವಾದ ಫ್ಯಾಮಿಲಿ ಮೇಲೆ ಟೆಸ್ಟ್ ಮಾಡಿ ನೋಡಿ."

"ನಮ್ಮದೇ ಇದೆಯಲ್ಲ ಸರ್" ಎಂದ ಮರಿ.

ಅದೇ ವಾರ ಅಮ್ಮ ಫೋನ್ ಮಾಡಿದ್ದರು. "ಮುಂದಿನ ತಿಂಗಳು ನನಗೆ ಎಪ್ಪತ್ತು ತುಂಬುತ್ತೆ ಕಣೋ. ಸೀರೆ ಗೀರೆ ಏನೂ ಬೇಡ. ನೀವು ಮೂರು ಜನ ನಮ್ಮನೆ ಟೇಬಲ್‌ಗೆ ಒಟ್ಟಿಗೆ ಕೂತ್ಕೊಳ್ಳಿ, ನಾನು ಬಡಿಸ್ತೀನಿ. ಇನ್ನೆಷ್ಟು ಸಲ ಕೇಳ್ತೀನಿ ಹೇಳು."

ಕೇಳಿದ್ದು ಸಣ್ಣದಲ್ಲ. ಅಪ್ಪ ತೀರಿಕೊಂಡ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಅಣ್ಣನೂ ಅಕ್ಕನೂ ಆಡಿಕೊಂಡ ಮಾತು ಆರು ವರ್ಷವಾದರೂ ಆರಿರಲಿಲ್ಲ. ಒಬ್ಬರು ಬರುವ ಮನೆಗೆ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ.

"ಇಬ್ಬರಿಗೂ ಫೋನ್ ಮಾಡಿ ಕರೀರಿ. ಹತ್ತು ನಿಮಿಷದ ಕೆಲಸ" ಎಂದಳು ಹೆಂಡತಿ.

"ಫೋನ್ ಮಾಡಿದ್ರೆ ಹಳೇದೆಲ್ಲ ಕೆದಕ್ತಾರೆ ಕಣೇ. ಆ್ಯಪ್‌ಗಾದ್ರೆ ಮುಖ ಇಲ್ಲ, ಜಗಳ ಆಡೋಕಾಗಲ್ಲ."

"ಮುಖ ಇಲ್ಲದ್ದು ಊಟಕ್ಕೆ ಕರೆದ್ರೆ ಯಾರು ಬರ್ತಾರೆ ರೀ?"

ಮರಿ ಕರುಣೆಯಿಂದ ನಕ್ಕ. ಅಂದೇ ಎಲ್ಲರ ಮೊಬೈಲಿಗೂ ಆಹ್ವಾನ ಹೋಯಿತು: 'ಅಮ್ಮನಿಗೆ ಎಪ್ಪತ್ತು. ದಿನ: ಹುಟ್ಟುಹಬ್ಬದ ಭಾನುವಾರ, ಮಧ್ಯಾಹ್ನ ಒಂದು ಗಂಟೆ. ಸ್ಥಳ: ಅಮ್ಮನ ಮನೆ. ನೀವು ಬರುತ್ತೀರಾ?' ಕೆಳಗೆ ಮೂರು ಬಟನ್: ಹೌದು, ಇಲ್ಲ, ನೋಡೋಣ.

ಅಣ್ಣ ಹೌದೆಂದ, ಅಕ್ಕ ಹೌದೆಂದಳು. ಬಳಿಕ ಅಣ್ಣ, ಹೋಟೆಲಾದರೆ ವಾಸಿ ಎಂದು ಸೂಚಿಸಿದ. ಹೋಟೆಲಿನಿಂದ ನಡುವೆ ಎದ್ದು ಹೋಗಬಹುದು ಎಂಬುದು ಅವನ ಲೆಕ್ಕ. ಅದೇ ಲೆಕ್ಕ ಹಾಕಿ ಅಕ್ಕನೂ ಅದಕ್ಕೇ ಮತ ಹಾಕಿದಳು. ಆರು ವರ್ಷಗಳಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ವಿಷಯವಿದು! ಮರಿಯ ಕಣ್ಣು ತುಂಬಿ ಬಂತು. 'ಅಮ್ಮನನ್ನು ಕರೆತರುವುದು' ಎಂಬ ಕೆಲಸವನ್ನು ಅಣ್ಣ ತಾನಾಗಿ ವಹಿಸಿಕೊಂಡ.

ಮತ್ತೆ ಅಮ್ಮ? ಅಮ್ಮ ಆಹ್ವಾನವನ್ನು ಎರಡು ಸಲ ಓದಿ, ಕೆಳಗಿನ ಮನೆಯ ದರ್ಜಿಗೆ ತೋರಿಸಿ ನಕ್ಕಿದ್ದರಂತೆ. "ನೋಡಪ್ಪ, ನಮ್ಮನೆಗೆ ನಾನು ಬರ್ತೀನಾ ಅಂತ ಕೇಳ್ತಿದಾನೆ ನನ್ನ ಮಗ!" ನಕ್ಕು, ಮೊಬೈಲನ್ನು ಫ್ರಿಜ್ಜಿನ ಮೇಲಿಟ್ಟು, ಬಟಾಣಿ ಬಿಡಿಸಲು ಕುಳಿತರಂತೆ.

ಎರಡು ದಿನ ಕಳೆಯಿತು. ನಿಯಮವು ತನ್ನ ಧರ್ಮವನ್ನು ನಡೆಸಿತು. ಅದಾದ ಮೇಲೆ ಮತ ಎಣಿಕೆಯಾಗಿ ಜಾಗ ಹೋಟೆಲಿಗೆ ಬದಲಾಯಿತು.

"ಅತ್ತೆ ಏನಂದ್ರು ರೀ?" ಎಂದು ಹೆಂಡತಿ ಕೇಳಿದಾಗ ಮರಿ ಪರದೆಯನ್ನು ಅವಳ ಮುಖಕ್ಕೆ ಹಿಡಿದ. 'ಬರುವವರೆಲ್ಲರೂ ಖಚಿತ' ಎಂದು ಹಸಿರು ಅಕ್ಷರಗಳು ಹೊಳೆಯುತ್ತಿದ್ದವು.

ಆ ಭಾನುವಾರ ಮಧ್ಯಾಹ್ನ ಒಂದು ಗಂಟೆ. ಹೋಟೆಲಿನ ಎರಡನೆಯ ಮಹಡಿಯಲ್ಲಿ ಅಣ್ಣ ಬಾಗಿಲಿಗೆ ಮುಖ ಮಾಡಿ, ಅಕ್ಕ ಕಿಟಕಿಗೆ ಮುಖ ಮಾಡಿ, ಒಂದೇ ಟೇಬಲಿಗೆ ಕುಳಿತಿದ್ದರು. ಮರಿ ಫೋಟೋ ತೆಗೆದು 'ನೂರಕ್ಕೆ ನೂರು ಹಾಜರಿ' ಎಂದು ಮ್ಯಾನೇಜರಿಗೆ ಕಳಿಸಿದ. ಆಗ ಅಕ್ಕ ತಿರುಗಿದಳು.

"ಅಮ್ಮ ಎಲ್ಲಿ?"

"ನೀನಲ್ವಾ ಕರ್ಕೊಂಡು ಬರೋದು?" ಎಂದ ಅಣ್ಣ.

"ನಾನ್ಯಾಕೆ? ಒಪ್ಕೊಂಡಿದ್ದು ನೀನು."

"ಆ ಕೆಲಸ ಮೊಬೈಲಿಂದ ಮಾಯ ಆಗಿತ್ತು. ನೀನು ಕಿತ್ಕೊಂಡೆ ಅಂದ್ಕೊಂಡೆ. ಯಾವಾಗಲೂ ಕಿತ್ಕೊಳ್ಳೋಳು ನೀನೇ ತಾನೆ!"

"ಆಸ್ಪತ್ರೇಲೂ ನೀನು ಇದೇ ಮಾತು ಆಡಿದ್ದೆ."

"ಆಡಿದ್ದೆ. ಈಗಲೂ ಆಡ್ತೀನಿ."

ಇಬ್ಬರ ನಡುವೆ ಮರಿ ಬೆವರುತ್ತ ಪರದೆ ಸರಿಸಿದ. ತಾನೇ ಬಣ್ಣ ಆರಿಸಿದ್ದ ಆ ಬೂದು ಪಟ್ಟಿಯಲ್ಲಿ ಒಂದೇ ಒಂದು ಹೆಸರಿತ್ತು.

"ಅದು... ಉತ್ತರ ಕೊಡದವರನ್ನ ಬರಲ್ಲ ಅಂತ ತಗೊಳ್ಳುತ್ತೆ ಅಕ್ಕ. ಬಹಳ ಉಪಯೋಗದ ನಿಯಮ..."

"ಅಮ್ಮನ ಹುಟ್ಟುಹಬ್ಬದಿಂದ ಅಮ್ಮನ್ನೇ ತೆಗೆದುಹಾಕಿದೀಯೇನೋ?"

ಅಣ್ಣ ಮೆಟ್ಟಿಲಿಳಿದು ಹೋದ. ಅಕ್ಕ, ಅವನಿಳಿದ ಮೆಟ್ಟಿಲು ಬೇಡವೆಂದು ಲಿಫ್ಟಿಗೆ ಕಾದು ಹೋದಳು. ಪಕ್ಕದಲ್ಲೇ ಕುಳಿತಿದ್ದ ಹೆಂಡತಿ ಒಂದು ಮಾತೂ ಆಡಲಿಲ್ಲ. (ಗೃಹಸ್ಥರೇ, ಅದು ಎಂಥ ಮಾತೆಂದು ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.)

ಮರಿ ಅಮ್ಮನ ಮನೆ ತಲುಪಿದಾಗ ಮೂರು ಗಂಟೆ. ಬಾಗಿಲು ತೆರೆದೇ ಇತ್ತು. ಎರಡರವರೆಗೆ ದಾರಿ ನೋಡಿದ ಅಮ್ಮ, ಮಾಡಿದ ಅಡುಗೆ ಆರಬಾರದೆಂದು ಸಿಕ್ಕವರನ್ನೆಲ್ಲ ಕರೆದಿದ್ದರು. ಟೇಬಲಿನ ಸುತ್ತ ದರ್ಜಿ, ದರ್ಜಿಯ ಹೆಂಡತಿ, ನಲ್ಲಿ ರಿಪೇರಿಗೆ ಬಂದಿದ್ದ ಪ್ಲಂಬರ್. ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಪ್ಲಂಬರ್ ಗಡಬಡಿಸಿ ಏಳಹೋದ.

"ಕೂತ್ಕೊಳಪ್ಪ, ಊಟದ ಮಧ್ಯೆ ಏಳಬಾರದು" ಎಂದು ಅಮ್ಮ ಅವನನ್ನು ತಡೆದು, ಮಗನ ಬೆನ್ನ ಹಿಂದೆ ಬಾಗಿಲಿನತ್ತ ನೋಡಿದರು. "ಅಣ್ಣ, ಅಕ್ಕ ಹಿಂದೆ ಬರ್ತಿದಾರಾ?"

ಮರಿ ಮೊಬೈಲನ್ನು ಜೇಬಿಗಿಳಿಸಿದ.

"ಮರಿ, ನಿನ್ನನ್ನೇ ಕೇಳಿದ್ದು. ಬರ್ತಾರಾ?"

ಅಮ್ಮ ಇನ್ನೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಸೌಟನ್ನು ಪಾತ್ರೆಗಿಳಿಸಿದರು.

"ಹೋಗಲಿ ಬಿಡು. ನೀನು ಮಾತಾಡ್ತಿಲ್ಲ ಅಂದ್ರೆ ಬರಲ್ಲ ಅಂತಲೇ ಲೆಕ್ಕ."

ಹನ್ನೊಂದು ತಿಂಗಳು ಗಾಜಿನ ಗೋಡೆಯ ಮುಂದೆ ನಿಂತು ಮರಿ ಕಟ್ಟಿದ್ದ ನಿಯಮವನ್ನು ಅಮ್ಮ ಸೌಟು ಹಿಡಿದೇ ಹೇಳಿ ಮುಗಿಸಿದರು. ಮರಿ ಅಡುಗೆಮನೆಯಲ್ಲಿ ನಿಂತು ಉಂಡ.

ಆ ನಿಯಮ ಈಗ ಲಕ್ಷಾಂತರ ಮೊಬೈಲುಗಳಲ್ಲಿ ಯಶಸ್ವಿಯಾಗಿ ನಡೆಯುತ್ತಿದೆ. ಅದನ್ನು ತೆಗೆಸಲು ಮರಿ ಬರೆದ ಮನವಿಗೆ ಮ್ಯಾನೇಜರು ಉತ್ತರ ಕೊಟ್ಟಿಲ್ಲ. ಆದರೆ ಆ ಊಟದ ಮರುದಿನ ಬೆಳಿಗ್ಗೆಯೇ ಮರಿ ರಜೆ ಹಾಕಿ ಅಣ್ಣನ ಮನೆಯ ಬೆಲ್ ಒತ್ತಿದ.

"ಏನೋ, ಮೆಸೇಜ್ ಹಾಕೋಕೆ ಕೈ ನೋವಾ?" ಎಂದ ಅಣ್ಣ, ಬಾಗಿಲನ್ನು ಅರ್ಧವಷ್ಟೇ ತೆರೆದು.

"ಅಮ್ಮನ ಟೇಬಲ್‌ಗೆ ಊಟಕ್ಕೆ ಬಾ ಅಣ್ಣ. ಅಕ್ಕನ್ನೂ ಕರೀತೀನಿ."

ಅಣ್ಣ ಉತ್ತರಿಸಲಿಲ್ಲ. ಬಾಗಿಲನ್ನು ಮುಚ್ಚಲೂ ಇಲ್ಲ. ಮರಿ ಅದನ್ನು 'ಇಲ್ಲ' ಎಂದು ಲೆಕ್ಕ ಹಾಕದೆ, ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೆ ನಿಂತೇ ಇದ್ದ.

ಬಂಧುಗಳೇ, ನಿಮಗೆ ಉತ್ತರ ಕೊಡದವರು ಒಬ್ಬರಾದರೂ ಇದ್ದಾರೆ. ಈ ಪುಟವನ್ನು ಮಡಿಚಿಟ್ಟು ಏಳಿ. ಅವರ ಬಾಗಿಲಿಗೆ ಹೋಗಿ, ಬಾಯಿಬಿಟ್ಟು ಕೇಳಿ, ನೀವೂ ಹಾಗೆಯೇ ನಿಲ್ಲಿ.